ಮಲೆನಾಡಿನ ಕಾಡುದಾರಿಯಲ್ಲಿ ಚಳಿಗಾಲದ ಗುಂಪು ಚಾರಣ: ಹೊರಡುವ ಮೊದಲಿನಿಂದ ಮನೆ ಸೇರಿದ ಮೇಲಿನವರೆಗೆ

ದೀಪಾವಳಿ ಕಳೆದು ಮಳೆ ಪೂರ್ತಿ ನಿಂತ ಮೇಲೆ ಮಲೆನಾಡಿನ ಕಾಡುದಾರಿ ನಡೆಯಲು ಹದಕ್ಕೆ ಬರುತ್ತದೆ. ಹಳ್ಳಗಳ ನೀರು ಇಳಿದಿರುತ್ತದೆ. ಇಂಬಳದ (ಜಿಗಣೆಯ) ಕಾಟ ಹೆಚ್ಚುಕಡಿಮೆ ಮುಗಿದಿರುತ್ತದೆ. ಆಕಾಶ ತಿಳಿಯಾಗಿದ್ದರೆ ಘಟ್ಟದ ಅಂಚಿನಿಂದ ಪಡುವಣ ಕಡಲಿನವರೆಗೂ ಕಣ್ಣು ಹರಿಯುತ್ತದೆ. ಶಿವಮೊಗ್ಗದಿಂದ ಗೆಳೆಯರ ಗುಂಪು, ಆಫೀಸಿನವರು, ಕಾಲೇಜು ಮಕ್ಕಳು, ಒಂದೇ ಬೀದಿಯ ಮೂರ್ನಾಲ್ಕು ಮನೆಯವರು ಬೆಟ್ಟ ಹತ್ತೋಣ ಅಂತ ಹೊರಡುವುದು ಈ ದಿನಗಳಲ್ಲೇ. ಹೊರಡಲೇಬೇಕು. ಇಷ್ಟು ಒಳ್ಳೆಯ ಕಾಲ ವರ್ಷದಲ್ಲಿ ಮತ್ತೊಂದಿಲ್ಲ.

ಆದರೆ ಇದೇ ತಿಂಗಳುಗಳಲ್ಲಿ ಕಾಡಿನ ನೆಲದಲ್ಲಿ ಉಣುಗು, ಅಂದರೆ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಉಣ್ಣೆ, ಜಾಸ್ತಿಯಾಗುತ್ತದೆ. ಇಂಬಳ ಕಚ್ಚಿದರೆ ಒಂದಿಷ್ಟು ರಕ್ತ ಹೋಗುತ್ತದೆ, ಅಷ್ಟೇ. ಉಣುಗು ಕಚ್ಚಿದರೆ ಮಂಗನ ಕಾಯಿಲೆ ಬರಬಹುದು. ಚಾರಣದ ಬಗ್ಗೆ ಬರೆಯುವವರು ಶೂ, ಬ್ಯಾಗು, ಫೋಟೋ ತೆಗೆಯುವ ಜಾಗ ಎಲ್ಲವನ್ನೂ ಹೇಳಿ, ಈ ವಿಷಯವನ್ನು ಕೊನೆಯ ಸಾಲಿನಲ್ಲಿ ಮುಗಿಸುತ್ತಾರೆ. ನಮ್ಮ ಜಿಲ್ಲೆಯಲ್ಲಿ ಚಳಿಗಾಲದ ಚಾರಣದ ಮೊದಲ ಹೆಜ್ಜೆ ಇದೇ ಆಗಬೇಕು ಅನ್ನುವುದು ನನ್ನ ಅನಿಸಿಕೆ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಮೊದಲು ವಿಚಾರಿಸಿ, ಆಮೇಲೆ ಜಾಗ ಆರಿಸಿ

ಮಂಗನ ಕಾಯಿಲೆ ಮೊದಲು ಗೊತ್ತಾಗಿದ್ದು 1957ರಲ್ಲಿ, ನಮ್ಮದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲಿ ಇದನ್ನು ಇವತ್ತಿಗೂ ಕ್ಯಾಸನೂರು ಕಾಡಿನ ಕಾಯಿಲೆ ಅಂತಲೇ ಕರೆಯುತ್ತಾರೆ. 2018ರ ಕೊನೆಯಲ್ಲಿ ಶುರುವಾಗಿ 2019ರವರೆಗೆ ಸಾಗರ ತಾಲ್ಲೂಕಿನ ಅರಳಗೋಡು ಭಾಗವನ್ನು ಇದು ಹೇಗೆ ಕಾಡಿತು ಅನ್ನುವುದು ಆ ಕಡೆಯವರಿಗೆ ಮರೆತಿಲ್ಲ. ಕಾಯಿಲೆ ಬಂದ ನೂರು ಜನರಲ್ಲಿ ಮೂವರಿಂದ ಐವರು ಸಾಯುತ್ತಾರೆ. ಇದಕ್ಕೇ ಅಂತ ಔಷಧಿ ಇಲ್ಲ. ಹಿಂದೆ ಕೊಡುತ್ತಿದ್ದ ಲಸಿಕೆಯನ್ನೂ ನಿಲ್ಲಿಸಿದ್ದಾರೆ.

ಇದು ಹರಡುವ ಬಗೆ ತಿಳಿದಿದ್ದರೆ ಏನು ಮಾಡಬೇಕು ಅನ್ನುವುದು ತಾನಾಗಿಯೇ ಹೊಳೆಯುತ್ತದೆ. ವೈರಸ್ ಇರುವುದು ಉಣುಗಿನಲ್ಲಿ. ಉಣುಗು ಮುಸಿಯ ಮತ್ತು ಕೆಂಪು ಮೂತಿಯ ಮಂಗಗಳಿಗೆ ಕಚ್ಚಿದರೆ ಅವು ಕಾಯಿಲೆ ಬಿದ್ದು ಸಾಯುತ್ತವೆ. ಸತ್ತ ಮಂಗದ ಮೈಯಿಂದ ಉಣುಗುಗಳು ಇಳಿದು ಸುತ್ತಲಿನ ತರಗೆಲೆಯಲ್ಲಿ ಸೇರಿಕೊಳ್ಳುತ್ತವೆ. ಆ ಜಾಗದಲ್ಲಿ ನಡೆದರೆ, ಕೂತರೆ ನಿಮ್ಮ ಮೈಗೆ ಹತ್ತುತ್ತವೆ. ಮನುಷ್ಯರಿಂದ ಮನುಷ್ಯರಿಗೆ ಇದು ಅಂಟುವುದಿಲ್ಲ. ಮರಿ ಉಣುಗುಗಳು ಹೆಚ್ಚಾಗಿ ಓಡಾಡುವುದು ನವೆಂಬರ್‌ನಿಂದ ಮೇವರೆಗೆ. ಜನರಿಗೆ ಕಾಯಿಲೆ ಜಾಸ್ತಿ ಬರುವುದು ಡಿಸೆಂಬರ್ ನಂತರ. ಅದಕ್ಕೇ ನವೆಂಬರ್ ನಡುವಿನಿಂದ ಡಿಸೆಂಬರ್ ನಡುವಿನವರೆಗಿನ ದಿನಗಳು ಗುಂಪು ಚಾರಣಕ್ಕೆ ಚೆನ್ನ. ಹುಲ್ಲು ಇನ್ನೂ ಹಸಿರಾಗಿರುತ್ತದೆ, ಅಬ್ಬಿಗಳಲ್ಲಿ ನೀರೂ ಇರುತ್ತದೆ.

ಹಾಗಾದರೆ ಮೊದಲ ಕೆಲಸ ಏನು? ಹೋಗಬೇಕು ಅಂದುಕೊಂಡ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಆಶಾ ಕಾರ್ಯಕರ್ತೆಯರಿಗೋ ಅರಣ್ಯ ಇಲಾಖೆಯವರಿಗೋ ಒಂದು ಫೋನ್ ಮಾಡಿ. ಆ ಕಡೆ ನೆಂಟರಿದ್ದರೆ ಇನ್ನೂ ಸುಲಭ. ಎರಡೇ ಪ್ರಶ್ನೆ ಕೇಳಿ: "ಈ ವರ್ಷ ನಿಮ್ಮ ಕಡೆ ಮಂಗ ಸತ್ತಿದ್ದಾವಾ? ಯಾರಿಗಾದರೂ ಜ್ವರ ಬಂದಿದೆಯಾ?" ಒಂದಕ್ಕೆ ಹೌದು ಅಂದರೂ ಜಾಗ ಬದಲಾಯಿಸಿ. ರೂಮ್ ಬುಕ್ ಆಗಿದೆ, ಗಾಡಿಗೆ ಅಡ್ವಾನ್ಸ್ ಕೊಟ್ಟಾಗಿದೆ ಅನ್ನುವ ಮಾತು ಇಲ್ಲಿ ಬರಬಾರದು. ಬೆಟ್ಟ ಮುಂದಿನ ವರ್ಷವೂ ಇರುತ್ತದೆ. ಹೊರಡುವ ಹಿಂದಿನ ದಿನ ಇನ್ನೊಂದು ಸಲ ಕೇಳಿ.

ಯಾರು ಬರುತ್ತಾರೋ ನೋಡಿ ಬೆಟ್ಟ ಆರಿಸಿ

ಸಾಮಾನ್ಯವಾಗಿ ಉಲ್ಟಾ ನಡೆಯುತ್ತದೆ. ಮೊದಲು ಕೊಡಚಾದ್ರಿ ಅಂತ ನಿಕ್ಕಿ ಮಾಡಿ, ಆಮೇಲೆ ಬರುವವರನ್ನು ಸೇರಿಸುತ್ತಾರೆ. ಆಗ ಮಂಡಿ ನೋವಿನವರೂ ಬರುತ್ತಾರೆ, ದಿನಾ ಓಡುವವರೂ ಬರುತ್ತಾರೆ, ಅರ್ಧ ದಾರಿಯಲ್ಲಿ ಇಬ್ಬರಿಗೂ ಬೇಜಾರು. ಗುಂಪಿನಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವರು ಯಾರು ಅಂತ ನೋಡಿ. ಅವರು ಖುಷಿಯಿಂದ ಹೋಗಿ ಬರಬಹುದಾದ ದಾರಿಯೇ ಆ ಗುಂಪಿನ ದಾರಿ.

ಮಕ್ಕಳು, ಹಿರಿಯರು, ಮೊದಲ ಸಲ ಬರುವವರು ಇದ್ದರೆ ಕವಲೇದುರ್ಗ. ತೀರ್ಥಹಳ್ಳಿಯಿಂದ ಸುಮಾರು 18 ಕಿ.ಮೀ. ಗದ್ದೆಯ ಪಕ್ಕದಲ್ಲಿ ಶುರುವಾಗುವ ದಾರಿ ಕಲ್ಲುಹಾಸಿನ ಮೇಲೆ ನಿಧಾನಕ್ಕೆ ಏರುತ್ತಾ ಕೋಟೆಯ ಬಾಗಿಲುಗಳನ್ನು ದಾಟುತ್ತದೆ. ಕೆಳದಿ ನಾಯಕರ ಕಾಲದ ದೇವಸ್ಥಾನ, ಕೊಳ, ಅರಮನೆಯ ಅಡಿಪಾಯ ಎಲ್ಲ ನೋಡಿಕೊಂಡು ಅರ್ಧ ದಿನದಲ್ಲಿ ಇಳಿಯಬಹುದು. ದಾರಿ ತಪ್ಪುವ ಭಯ ಕಡಿಮೆ. ಗುಂಪು ನಡೆಸುವುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಆಗುಂಬೆ ಹತ್ತಿರದ ಕುಂದಾದ್ರಿಗೆ ಮೇಲಿನವರೆಗೂ ರಸ್ತೆ ಇದೆ. ನಡೆಯಲು ಆಗದವರು ಗಾಡಿಯಲ್ಲಿ ಹೋಗಿ ತುದಿಯ ಪಾರ್ಶ್ವನಾಥ ಬಸದಿಯ ಹತ್ತಿರ ಉಳಿದವರಿಗೆ ಕಾಯಬಹುದು. ಅಜ್ಜಿ, ತಾತ ಜೊತೆಗಿದ್ದರೆ ಇದು ದೊಡ್ಡ ಅನುಕೂಲ ಅಲ್ವಾ?

ಕೊಡಚಾದ್ರಿ 1343 ಮೀಟರ್ ಎತ್ತರ. ಹಿಡ್ಲುಮನೆ ಅಬ್ಬಿಯ ಕಡೆಯ ದಾರಿ ಚೆಂದ, ಆದರೆ ಕಡಿದು. ನೀರಿನ ಪಕ್ಕ ಕಲ್ಲು ಹಿಡಿದು ಹತ್ತಬೇಕಾಗುತ್ತದೆ. ಮಳೆ ನಿಂತು ತಿಂಗಳಾದರೂ ಅಬ್ಬಿಯ ಬಂಡೆಗಳ ಮೇಲಿನ ಪಾಚಿ ಒಣಗಿರುವುದಿಲ್ಲ. ಮೈಗೆ ನಡಿಗೆಯ ಅಭ್ಯಾಸ ಇರುವ ಹತ್ತು ಹನ್ನೆರಡು ಜನರಿಗೆ ಮಾತ್ರ ಇದು ಸರಿ. ಇಳಿಯುವಾಗ ಅದೇ ದಾರಿ ಬೇಡ. ಜೀಪ್ ರಸ್ತೆಯಲ್ಲಿ ಇಳಿಯಿರಿ. ಅಲ್ಲಿ ಧೂಳು ಜಾಸ್ತಿ, ಮೂಗಿಗೆ ಕಟ್ಟಿಕೊಳ್ಳಲು ಒಂದು ಬಟ್ಟೆ ಇರಲಿ. ನರಸಿಂಹ ಪರ್ವತವೂ ಇದೇ ತೂಕದ್ದು. ಕಿಗ್ಗದ ಕಡೆಯಿಂದ ಹತ್ತಿ ಇಳಿಯುವುದಾದರೂ ಇಡೀ ದಿನ ಬೇಕು.

ಅನುಮತಿ

ಕೊಡಚಾದ್ರಿ ಇರುವುದು ಮೂಕಾಂಬಿಕಾ ವನ್ಯಜೀವಿಧಾಮದಲ್ಲಿ, ನರಸಿಂಹ ಪರ್ವತ ಕುದುರೆಮುಖ ರಾಷ್ಟ್ರೀಯ ಉದ್ಯಾನದಲ್ಲಿ. ಇಂಥ ಕಡೆ ಅನುಮತಿ ಇಲ್ಲದೆ ಕಾಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಅರಣ್ಯ ಇಲಾಖೆಯ ಚಾರಣ ಮಾರ್ಗಗಳಿಗೆ "ಅರಣ್ಯ ವಿಹಾರ" ತಾಣದಲ್ಲಿ ಆನ್‌ಲೈನ್ ಬುಕಿಂಗ್ ಇದೆ. ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇರುವುದರಿಂದ ಡಿಸೆಂಬರ್ ಕೊನೆಯ ವಾರ, ಸಂಕ್ರಾಂತಿ, ಜನವರಿ 26ರ ರಜೆ ಬೇಗ ತುಂಬುತ್ತದೆ. ವಾರದ ನಡುವಿನ ದಿನ ಸಿಕ್ಕರೆ ಅದನ್ನೇ ಹಿಡಿಯಿರಿ. ಗುರುತಿನ ಚೀಟಿ ಎಲ್ಲರ ಹತ್ತಿರವೂ ಇರಲಿ.

ಶೆಟ್ಟಿಹಳ್ಳಿ ಕಾಡು ಶಿವಮೊಗ್ಗಕ್ಕೆ ಹತ್ತಿರ, ಸಕ್ರೆಬೈಲಿನಿಂದ ಸುಮ್ನೆ ಒಂದು ಸುತ್ತು ಹೋಗಿ ಬರೋಣ ಅಂತ ಅನಿಸುತ್ತದೆ. ಬೇಡ. ಅದು ಕಾಡಾನೆ ಓಡಾಡುವ ಕಾಡು. ಇಲಾಖೆಯ ಸಿಬ್ಬಂದಿ ಜೊತೆಗಿಲ್ಲದೆ ಗುಂಪು ಕಟ್ಟಿಕೊಂಡು ಒಳಗೆ ಹೋಗುವ ಜಾಗ ಅಲ್ಲ.

ಊರಿನವರೊಬ್ಬರನ್ನು ದಾರಿ ತೋರಿಸಲು ಕರೆದುಕೊಳ್ಳಿ ಅಂತ ನಾನು ಒತ್ತಾಯ ಮಾಡಿಯೇ ಹೇಳುತ್ತೇನೆ. ಕಾನಿನೊಳಗೆ ದನದ ದಾರಿ, ಸೊಪ್ಪಿನ ದಾರಿ, ನಡೆಯುವ ದಾರಿ ಮೂರೂ ಒಂದೇ ಥರ ಕಾಣುತ್ತವೆ. ಯಾವುದು ಎಲ್ಲಿಗೆ ಹೋಗುತ್ತದೆ ಅನ್ನುವುದು ಅವರಿಗೇ ಗೊತ್ತು. ಒಂದು ವಿಷಯ ನೆನಪಿರಲಿ: ಇದು ಅಡಿಕೆ ಕೊಯ್ಲಿನ ಕಾಲ. ಊರಿನಲ್ಲಿ ಯಾರ ಕೈಯೂ ಬಿಡುವಿರುವುದಿಲ್ಲ. ಹತ್ತು ದಿನ ಮೊದಲೇ ಮಾತಾಡಿ, ದಿನದ ಕೂಲಿಗಿಂತ ಜಾಸ್ತಿಯೇ ಕೊಡಿ.

ಹೊತ್ತಿನ ಲೆಕ್ಕ

ಡಿಸೆಂಬರ್ ನಡುವಿನಲ್ಲಿ ನಮ್ಮ ಕಡೆ ಸೂರ್ಯ ಹುಟ್ಟುವುದು ಆರೂಮುಕ್ಕಾಲರ ಸುಮಾರಿಗೆ, ಮುಳುಗುವುದು ಆರು ದಾಟಿದ ಕೂಡಲೇ. ದಟ್ಟ ಕಾನಿನೊಳಗೆ ಐದೂವರೆಗೇ ಕತ್ತಲು. ಹಾಗಾಗಿ ಹಿಂದಿನಿಂದ ಲೆಕ್ಕ ಹಾಕಿ. ನಾಲ್ಕೂವರೆಗೆ ಎಲ್ಲರೂ ಗಾಡಿ ಹತ್ತಿರ ಇರಬೇಕು ಅಂದುಕೊಳ್ಳಿ. ಇಳಿಯಲು ಮೂರು ಗಂಟೆ ಬೇಕಾದರೆ ಒಂದೂವರೆಗೆ ತಿರುಗಬೇಕು. ತುದಿ ಮುಟ್ಟಿರಲಿ, ಮುಟ್ಟದೇ ಇರಲಿ, ಒಂದೂವರೆ ಅಂದರೆ ಒಂದೂವರೆ. ಇದನ್ನು ಹಿಂದಿನ ದಿನವೇ ಎಲ್ಲರಿಗೂ ಹೇಳಿ ಒಪ್ಪಿಸಿ. ಬೆಟ್ಟದ ಮೇಲೆ ನಿಂತು, ತುದಿ ಕಾಣುತ್ತಿರುವಾಗ ಈ ಮಾತು ಹೇಳಿದರೆ ಯಾರೂ ಕೇಳುವುದಿಲ್ಲ.

ಏರುದಾರಿಯಲ್ಲಿ ಗುಂಪು ಗಂಟೆಗೆ ಎರಡು ಕಿ.ಮೀ. ನಡೆದರೆ ಚೆನ್ನಾಗಿಯೇ ನಡೆಯಿತು ಅಂತ ಅರ್ಥ. ಒಬ್ಬರೇ ಹೋಗುವಾಗಿನ ವೇಗದಲ್ಲಿ ಲೆಕ್ಕ ಹಾಕಬೇಡಿ. ಹನ್ನೆರಡು ಜನ ಒಂದು ಹಳ್ಳ ದಾಟಲು, ಶೂ ಬಿಚ್ಚಿ ಹಾಕಿಕೊಳ್ಳಲು ಅರ್ಧ ಗಂಟೆ ಹೋಗುತ್ತದೆ.

ಬಟ್ಟೆ ಮತ್ತು ಬ್ಯಾಗು

ಬೆಳಗ್ಗೆ 15 ಡಿಗ್ರಿ ಚಳಿ, ಮಧ್ಯಾಹ್ನ 30ರ ಹತ್ತಿರ ಬಿಸಿಲು. ಒಂದೇ ದಪ್ಪ ಜಾಕೆಟ್ ಹಾಕಿಕೊಂಡು ಬಂದವರು ಹತ್ತು ನಿಮಿಷದಲ್ಲಿ ಬೆವರುತ್ತಾರೆ, ಆಮೇಲೆ ಅದನ್ನು ದಿನವಿಡೀ ಹೊರುತ್ತಾರೆ. ತೆಳು ಬಟ್ಟೆ ಎರಡು ಪದರ ಸಾಕು.

ಬಣ್ಣ ತಿಳಿಯಾಗಿರಲಿ. ತಿಳಿ ಬಣ್ಣದ ಮೇಲೆ ಉಣುಗು ಹರಿದಾಡಿದರೆ ಕಾಣುತ್ತದೆ, ಕಪ್ಪು ಪ್ಯಾಂಟಿನ ಮೇಲೆ ಕಾಣುವುದೇ ಇಲ್ಲ. ಮರಿ ಉಣುಗು ಎಳ್ಳಿಗಿಂತ ಸಣ್ಣದಿರುತ್ತದೆ. ತುಂಬು ತೋಳಿನ ಅಂಗಿ, ಉದ್ದ ಪ್ಯಾಂಟು, ಪ್ಯಾಂಟಿನ ತುದಿಯನ್ನು ಸಾಕ್ಸ್ ಒಳಗೆ ಸೇರಿಸಿ. ಅಂಗಿಯನ್ನು ಪ್ಯಾಂಟಿನೊಳಗೆ ಸೇರಿಸಿ. ಫೋಟೋಗೆ ಚೆಂದ ಕಾಣುವುದಿಲ್ಲ ಅಂತ ಹುಡುಗರು ಸಾಕ್ಸ್ ಹೊರಗೆ ಎಳೆದುಕೊಳ್ಳುತ್ತಾರೆ, ಗುಂಪಿನ ಹಿರಿಯರು ಬಿಡಬಾರದು. ಚಡ್ಡಿ ಹಾಕಿಕೊಂಡು ಬಂದವರನ್ನು ಕಾಡಿನೊಳಗೆ ಕರೆದುಕೊಂಡು ಹೋಗಬೇಡಿ.

ಕಾಯಿಲೆ ಬರುವ ಊರುಗಳಲ್ಲಿ ಆರೋಗ್ಯ ಇಲಾಖೆ ಮೈಗೆ ಹಚ್ಚಲು ಡೆಪಾ ಎಣ್ಣೆ ಕೊಡುತ್ತದೆ. ಕಾಡಿನಿಂದ ದಿನಾ ಸೊಪ್ಪು ಸೌದೆ ತರುವವರಿಗಾಗಿ ಬಂದ ಎಣ್ಣೆ ಅದು. ಅಲ್ಲಿನ ಆರೋಗ್ಯ ಕೇಂದ್ರದಲ್ಲಿ ಕೇಳಿ ನೋಡಿ. ಸಿಗದಿದ್ದರೆ ಮೆಡಿಕಲ್ ಶಾಪಿನಲ್ಲಿ ಕೀಟ ಓಡಿಸುವ ಮುಲಾಮು ಸಿಗುತ್ತದೆ. ಕಾಲು, ಕೈ, ಕುತ್ತಿಗೆಗೆ ಹಚ್ಚಿ. ಬೆವರಿಗೆ ಹೋಗುತ್ತದೆ, ಕೆಲವು ಗಂಟೆ ಬಿಟ್ಟು ಮತ್ತೆ ಹಚ್ಚಬೇಕು.

ಉಳಿದಿದ್ದು ಬೇಗ ಹೇಳುತ್ತೇನೆ. ತಲೆಗೆ ಎರಡರಿಂದ ಮೂರು ಲೀಟರ್ ನೀರು. ಹಳ್ಳದ ನೀರು ನೋಡಲು ತಿಳಿಯಾಗಿದ್ದರೂ ಮೇಲೆ ದನ ಇಳಿದಿರಬಹುದು, ಕುದಿಸದೆ ಕುಡಿಯಬೇಡಿ. ಬೆಳಗಿನ ತಿಂಡಿಗೆ ಕಡುಬೋ ಅಕ್ಕಿ ರೊಟ್ಟಿಯೋ ಹೊಟ್ಟೆ ತುಂಬ ತಿಂದು ಹೊರಡಿ. ಮಧ್ಯಾಹ್ನಕ್ಕೆ ಚಿತ್ರಾನ್ನ ಅಥವಾ ಒಗ್ಗರಣೆ ಅವಲಕ್ಕಿ. ನಡುವೆ ಬಾಯಿಗೆ ಬೆಲ್ಲ, ಕಡಲೆಬೀಜ, ಕಿತ್ತಳೆ. ಸ್ಟೀಲ್ ಡಬ್ಬಿಯಲ್ಲಿ ತಂದರೆ ಪ್ಲಾಸ್ಟಿಕ್ ಕಸದ ತಲೆನೋವೇ ಇಲ್ಲ. ಟಾರ್ಚ್ ಪ್ರತಿಯೊಬ್ಬರಿಗೂ ಒಂದು. ಮೊಬೈಲ್ ಬೆಳಕನ್ನು ನಂಬಬೇಡಿ. ಸೀಟಿ, ಚೂಪು ತುದಿಯ ಸಣ್ಣ ಚಿಮಟ, ಬ್ಯಾಂಡೇಜ್, ಓಆರ್‌ಎಸ್ ಪುಡಿ, ಅವರವರ ಮಾತ್ರೆ. ಸುಗಂಧದ ಸ್ಪ್ರೇ ಹಾಕಿಕೊಳ್ಳಬೇಡಿ. ಬಂಡೆಯ ಅಡಿಯಲ್ಲಿ, ಎತ್ತರದ ಮರಗಳಲ್ಲಿ ಹೆಜ್ಜೇನು ಗೂಡು ಕಟ್ಟಿರುತ್ತದೆ. ವಾಸನೆ, ಹೊಗೆ, ಕೂಗಾಟ ಯಾವುದಕ್ಕೂ ಅದು ಸುಮ್ಮನಿರುವುದಿಲ್ಲ.

ಮಾರ್ಗ, ಹೊರಡುವ ಹೊತ್ತು, ಮರಳುವ ಹೊತ್ತು, ಬರುವವರ ಹೆಸರು ಬರೆದು ಊರಿನಲ್ಲಿ ಉಳಿಯುವ ಒಬ್ಬರಿಗೆ ಕಳಿಸಿ. ಒಳಗೆ ನೆಟ್‌ವರ್ಕ್ ಸಿಗದ ಜಾಗಗಳೇ ಜಾಸ್ತಿ. ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಕೊಳ್ಳಿ. ಅರಣ್ಯ ಇಲಾಖೆಯ ಸಹಾಯವಾಣಿ 1926, ಆಂಬ್ಯುಲೆನ್ಸ್ 108, ತುರ್ತಿಗೆ 112.

ನಡೆಯುವಾಗ

ಹನ್ನೆರಡು ಜನಕ್ಕಿಂತ ಜಾಸ್ತಿ ಇದ್ದರೆ ಎರಡು ಗುಂಪು ಮಾಡಿ. ಪ್ರತಿ ಗುಂಪಿಗೂ ಮುಂದೆ ದಾರಿ ಗೊತ್ತಿರುವವರು ಒಬ್ಬರು, ಕೊನೆಯಲ್ಲಿ ತಾಳ್ಮೆಯವರು ಒಬ್ಬರು. ಮುಂದಿನವರನ್ನು ಯಾರೂ ದಾಟಬಾರದು, ಕೊನೆಯವರಿಗಿಂತ ಯಾರೂ ಹಿಂದೆ ಉಳಿಯಬಾರದು. ನಿಧಾನ ನಡೆಯುವವರನ್ನು ಮುಂದಿನವರ ಬೆನ್ನಿಗೇ ನಿಲ್ಲಿಸಿ. ಹಿಂದೆ ಬಿಟ್ಟರೆ ಅವರು ಪ್ರತಿ ಸಲ ಬಂದು ಸೇರುವ ಹೊತ್ತಿಗೆ ಉಳಿದವರು ಸುಧಾರಿಸಿಕೊಂಡು ಹೊರಟಿರುತ್ತಾರೆ. ಹೆಚ್ಚು ಸುಸ್ತಾದವರಿಗೇ ಒಂದು ನಿಮಿಷವೂ ವಿಶ್ರಾಂತಿ ಸಿಗುವುದಿಲ್ಲ.

ದಾರಿ ಕವಲಾದ ಕಡೆ ನಿಲ್ಲಿ. ಕೊನೆಯವರು ಕಾಣುವವರೆಗೆ ಕಾಯಿರಿ, ತಲೆ ಎಣಿಸಿ, ಆಮೇಲೆ ಮುಂದೆ. ಕಾಡಿನಲ್ಲಿ ಜನ ತಪ್ಪಿಸಿಕೊಳ್ಳುವುದು ಹೆಚ್ಚಾಗಿ ಕವಲಿನಲ್ಲೇ. ಮೂತ್ರಕ್ಕೆ ಹೋಗುವವರು ಬ್ಯಾಗನ್ನು ದಾರಿಯಲ್ಲೇ ಬಿಟ್ಟು, ಒಬ್ಬರಿಗೆ ಹೇಳಿ ಹೋಗಲಿ. ತಪ್ಪಿಸಿಕೊಂಡರೆ ಅಲ್ಲೇ ನಿಂತು ಮೂರು ಸಲ ಸೀಟಿ ಊದುವುದು, ನಿಲ್ಲಿಸಿ ಮತ್ತೆ ಮೂರು ಸಲ. ಮಕ್ಕಳಿಗೆ ಇದನ್ನು ಹೊರಡುವಾಗಲೇ ಆಟದ ಥರ ಮಾಡಿಸಿ ತೋರಿಸಿ.

ಊರು, ತೋಟ ದಾಟುವಾಗ ದಣಪೆ (ಬೇಲಿಯ ಬಾಗಿಲಿಗೆ ಅಡ್ಡ ಹಾಕುವ ಗಳು) ತೆಗೆದರೆ ಹಿಂದಿನವರು ಮರೆಯದೆ ಹಾಕಬೇಕು. ಒಂದು ದಣಪೆ ತೆರೆದಿದ್ದರೆ ದನ ನುಗ್ಗಿ ಒಂದು ಮನೆಯ ವರ್ಷದ ಬೆಳೆ ಹಾಳಾಗುತ್ತದೆ. ಕರೆಂಟು ಹರಿಯುವ ಐಬೆಕ್ಸ್ ಬೇಲಿ ಮುಟ್ಟಬೇಡಿ, ದಾಟಬೇಡಿ. ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆ ತುಳಿಯಬೇಡಿ. ಕಂಡವರನ್ನು ಮಾತಾಡಿಸಿ, ಎಲ್ಲಿಗೆ ಹೋಗುತ್ತಿದ್ದೀರಿ ಅಂತ ಹೇಳಿ. ನಾಳೆ ನಿಮ್ಮನ್ನು ಹುಡುಕಬೇಕಾಗಿ ಬಂದರೆ ಮೊದಲು ಹೊರಡುವವರು ಅವರೇ.

ಚಳಿಗಾಲದಲ್ಲಿ ದಾರಿಯ ತುಂಬ ತರಗೆಲೆ. ಅದರಡಿಯಲ್ಲಿ ಕಲ್ಲೋ ಬೇರೋ ಹಾವೋ ಕಾಣುವುದಿಲ್ಲ. ಬೆಳಗಿನ ಇಬ್ಬನಿ ಬಿದ್ದ ಎಲೆ ಇಳಿಜಾರಿನಲ್ಲಿ ಜಾರುತ್ತದೆ. ಒಂದು ಕೋಲು ಕೈಯಲ್ಲಿದ್ದರೆ ಮೊದಲು ಅದನ್ನು ಊರಿ ಆಮೇಲೆ ಹೆಜ್ಜೆ ಇಡಿ. ಬಂಡೆ ಸಂದಿಗೆ ಕೈ ಹಾಕಬೇಡಿ. ಕಾಟಿ (ಕಾಡುಕೋಣ) ಎದುರಾದರೆ ನಿಂತು, ದೂರ ಉಳಿದು, ಅದಕ್ಕೆ ಹೋಗಲು ದಾರಿ ಬಿಡಿ. ಸುತ್ತುವರಿದು ಫೋಟೋ ತೆಗೆಯುವುದು ಬೇಡ.

ಕೂರುವುದು ಎಲ್ಲಿ ಅನ್ನುವುದೂ ಮುಖ್ಯ. ತರಗೆಲೆಯ ಮೇಲೆ, ದನ ಮೇಯುವ ಹುಲ್ಲಿನಲ್ಲಿ, ಬಿದ್ದ ಮರದ ಮೇಲೆ ಕೂರಬೇಡಿ. ಬಿಸಿಲು ಬಿದ್ದ ಬರಿ ಬಂಡೆ ಹುಡುಕಿ. ಬ್ಯಾಗನ್ನೂ ಅಲ್ಲೇ ಇಡಿ. ಕೂತಾಗಲೆಲ್ಲ ಒಬ್ಬರ ಬೆನ್ನು, ಕುತ್ತಿಗೆ ಇನ್ನೊಬ್ಬರು ನೋಡಿ. ದಾರಿಯಲ್ಲಿ ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಬಂದ ದಾರಿಯಲ್ಲೇ ತಿರುಗಿ. ಜಾಗ ಗುರುತು ಮಾಡಿಕೊಂಡು ಅರಣ್ಯ ಇಲಾಖೆಗೋ ಆರೋಗ್ಯ ಇಲಾಖೆಗೋ ತಿಳಿಸಿ. ಆ ಒಂದು ಸುದ್ದಿಯಿಂದ ಅಲ್ಲಿನ ಊರಿನವರು ಮೊದಲೇ ಎಚ್ಚರವಾಗುತ್ತಾರೆ.

ಬೆಂಕಿ ಹಾಕಬೇಡಿ, ಬೀಡಿ ಸಿಗರೇಟು ಬೇಡ. ಜನವರಿಗೆ ಬ್ಯಾಣದ (ಹುಲ್ಲುಗಾವಲಿನ) ಹುಲ್ಲು ಒಣಗಿರುತ್ತದೆ, ಗಾಳಿ ಬೇರೆ. ಒಂದು ಕಿಡಿ ಸಾಕು, ಗುಡ್ಡ ಪೂರ್ತಿ ಹೋಗುತ್ತದೆ. ಸ್ಪೀಕರ್ ಹಾಕಬೇಡಿ. ಸುಮ್ಮನೆ ನಡೆದರೆ ಮಂಗಟ್ಟೆ ಹಕ್ಕಿಯ ರೆಕ್ಕೆ ಸದ್ದು ಕೇಳುತ್ತದೆ, ಸಿಂಗಳೀಕದ ಗುಂಪು ಕಾಣುವ ಅದೃಷ್ಟವೂ ಇರಬಹುದು.

ಇಳಿದ ಮೇಲೆ

ಗಾಡಿ ಹತ್ತುವ ಮೊದಲು ತಲೆ ಎಣಿಸಿ, ಬಟ್ಟೆ ಕೊಡವಿ. ಮನೆಗೆ ಹೋದ ಕೂಡಲೇ ಬಿಸಿನೀರಿನಲ್ಲಿ ಸೋಪು ಹಚ್ಚಿ ಸ್ನಾನ. ಬಟ್ಟೆಗಳನ್ನು ಹಾಸಿಗೆ, ಸೋಫಾ ಮೇಲೆ ಹಾಕದೆ ನೇರ ಬಿಸಿನೀರಿಗೆ ಹಾಕಿ, ಬಿಸಿಲಲ್ಲಿ ಒಣಗಿಸಿ. ಸ್ನಾನದ ಹೊತ್ತಿಗೆ ಮೈಯೆಲ್ಲ ನೋಡಿಕೊಳ್ಳಿ: ಕಂಕುಳು, ತೊಡೆಸಂದು, ಮಂಡಿಯ ಹಿಂಭಾಗ, ಸೊಂಟದ ಸುತ್ತ, ಕಿವಿಯ ಹಿಂದೆ, ಕೂದಲ ಬುಡ. ಮಕ್ಕಳನ್ನು ದೊಡ್ಡವರೇ ನೋಡಬೇಕು.

ಉಣುಗು ಕಚ್ಚಿಕೊಂಡಿದ್ದರೆ ಗಾಬರಿ ಬೇಡ. ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನಿಧಾನವಾಗಿ ನೇರಕ್ಕೆ ಎಳೆಯಿರಿ. ಸೀಮೆಎಣ್ಣೆ, ಸುಣ್ಣ ಹಚ್ಚುವುದು, ಬೆಂಕಿಕಡ್ಡಿ ತಾಗಿಸುವುದು ಬೇಡ. ಉಗುರಿನಲ್ಲಿ ಕುಕ್ಕಿ ಸಾಯಿಸಬೇಡಿ, ಅದರೊಳಗಿನ ರಸ ಕೈಗೆ ತಾಗಬಾರದು. ತೆಗೆದ ಮೇಲೆ ಕಚ್ಚಿದ ಜಾಗವನ್ನೂ ಕೈಯನ್ನೂ ಸೋಪಿನಿಂದ ತೊಳೆಯಿರಿ. ಯಾವ ದಿನ ಕಚ್ಚಿತು ಅಂತ ಬರೆದಿಡಿ.

ಗುಂಪು ಕರೆದುಕೊಂಡು ಹೋದವರ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಕಚ್ಚಿದ ಮೂರರಿಂದ ಎಂಟು ದಿನದೊಳಗೆ ಸಾಮಾನ್ಯವಾಗಿ ಜ್ವರ ಕಾಣಿಸಿಕೊಳ್ಳುತ್ತದೆ. ಇದ್ದಕ್ಕಿದ್ದ ಹಾಗೆ ಜೋರು ಜ್ವರ, ತಲೆನೋವು, ಸೊಂಟ ಕೈಕಾಲು ಸೆಳೆತ, ತುಂಬ ಸುಸ್ತು. ಕೆಲವರಿಗೆ ಮೂಗು, ವಸಡಿನಲ್ಲಿ ರಕ್ತವೂ ಬರುತ್ತದೆ. ಎಲ್ಲರೂ ಮಾಮೂಲಿ ಜ್ವರ ಅಂತ ಮಾತ್ರೆ ನುಂಗಿ ಮಲಗುತ್ತಾರೆ. ಹಾಗಾಗಬಾರದು. ನಾಲ್ಕನೇ ದಿನ ಒಮ್ಮೆ, ಎಂಟನೇ ದಿನ ಒಮ್ಮೆ, ಹತ್ತು ಹನ್ನೆರಡು ದಿನಕ್ಕೆ ಇನ್ನೊಮ್ಮೆ ಬಂದ ಪ್ರತಿಯೊಬ್ಬರಿಗೂ "ಆರಾಮಾ? ಜ್ವರ ಏನಾದರೂ?" ಅಂತ ಕೇಳಿ. ಯಾರಿಗಾದರೂ ಜ್ವರ ಬಂದಿದ್ದರೆ ಅವತ್ತೇ ಡಾಕ್ಟರ್ ಹತ್ತಿರ ಕಳಿಸಿ. ಯಾವ ಕಾಡಿಗೆ, ಯಾವ ದಿನ ಹೋಗಿದ್ದು ಅಂತ ಅವರೇ ಬಾಯಿಬಿಟ್ಟು ಹೇಳಬೇಕು. ಬೆಂಗಳೂರಿಗೋ ಹುಬ್ಬಳ್ಳಿಗೋ ಮರಳಿದವರಿಗೆ ಇದನ್ನು ಇನ್ನೂ ಒತ್ತಿ ಹೇಳಿ, ಅಲ್ಲಿನ ಡಾಕ್ಟರಿಗೆ ಮಂಗನ ಕಾಯಿಲೆ ಮೊದಲು ನೆನಪಿಗೆ ಬರುವುದಿಲ್ಲ. ರಕ್ತ ಪರೀಕ್ಷೆಗೆ ಶಿವಮೊಗ್ಗದಲ್ಲೇ ವೈರಸ್ ಪತ್ತೆ ಪ್ರಯೋಗಾಲಯ ಇದೆ. ಆರೋಗ್ಯ ಕೇಂದ್ರದಿಂದಲೇ ಮಾದರಿ ಅಲ್ಲಿಗೆ ಹೋಗುತ್ತದೆ.